ಕಾಲಂ ಸಿಗದ ಹೊಟ್ಟೆನೋವು

ಮೈಸೂರಿನಿಂದ ಊಟಿ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ, ಪೇಟೆಯ ಗದ್ದಲ ಕಡಿಮೆಯಾಗುವ ಹೊತ್ತಿಗೆ ಮಂಡಕಳ್ಳಿ ಸಿಗುತ್ತದೆ. ಹೊರಗಿನವರಿಗೆ ಅದು ವಿಮಾನ ನಿಲ್ದಾಣದ ಹೆಸರು. 1940ರ ಸುಮಾರಿಗೆ ಮೈಸೂರು ಸಂಸ್ಥಾನ ಇಲ್ಲಿ ವಿಮಾನ ಇಳಿಯುವ ಬಯಲು ಮಾಡಿತು. ಬಹುಕಾಲ ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಅದು 2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್ ಕಟ್ಟಿಸಿಕೊಂಡು ಮತ್ತೆ ತೆರೆಯಿತು. ಕಾಯಿಲೆಗಳ ಚರಿತ್ರೆ ಹುಡುಕುವವರಿಗೆ ಮಾತ್ರ ಈ ಊರು ಬೇಕಾಗುವುದು ಅದರ ರಸ್ತೆಯ ಕಾರಣಕ್ಕೆ. ಒಂದು ದಿಕ್ಕಿಗೆ ಹದಿನೈದು ಕಿಲೋಮೀಟರಿನೊಳಗೆ ನಂಜನಗೂಡು, ಅಲ್ಲಿ ರೋಗ ಕಳೆಯುವ ದೇವರು. ಇನ್ನೊಂದು ದಿಕ್ಕಿಗೆ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆ, ಅಲ್ಲಿ ಆಯುರ್ವೇದ ಕಾಲೇಜು. ಅದರ ಹತ್ತಿರದಲ್ಲೇ ಕೆ.ಆರ್. ಆಸ್ಪತ್ರೆ, ಹಳ್ಳಿಯವರ ಬಾಯಲ್ಲಿ ದೊಡ್ಡಾಸ್ಪತ್ರೆ. ಈ ಸೀಮೆಯ ಜನ ತಮ್ಮ ಹೊಟ್ಟೆಯ ಕಷ್ಟವನ್ನು ಹೊತ್ತುಕೊಂಡು ತಲೆಮಾರುಗಳಿಂದ ಈ ಎರಡು ತುದಿಗಳ ನಡುವೆ ಓಡಾಡಿದ್ದಾರೆ.

ಹೊಟ್ಟೆ ಕೆಡುವುದರಲ್ಲಿ ಹಲವು ಬಗೆ. ಇಲ್ಲಿ ಮಾತು ಒಂದರ ಬಗ್ಗೆ ಮಾತ್ರ. ತಿಂಗಳುಗಟ್ಟಲೆ ಬಂದು ಹೋಗುವ ನೋವು. ಕಕ್ಕಸಿಗೆ ಹೋಗಿ ಬಂದರೆ ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಏರುತ್ತದೆ. ಒಂದು ವಾರ ಭೇದಿ, ಇನ್ನೊಂದು ವಾರ ಮಲಬದ್ಧತೆ. ಉಬ್ಬರ. ಎಷ್ಟು ಸಲ ಹೋದರೂ ಪೂರ್ತಿ ಆಗಲಿಲ್ಲವೆಂಬ ಕಿರಿಕಿರಿ. ರಕ್ತ, ಮಲ, ಸ್ಕ್ಯಾನು, ಎಂಡೋಸ್ಕೋಪಿ ಎಲ್ಲದರಲ್ಲೂ ‘ನಾರ್ಮಲ್’. ಇಂಗ್ಲಿಷ್ ವೈದ್ಯಶಾಸ್ತ್ರ ಇದಕ್ಕೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ಹೆಸರಿಟ್ಟಿದೆ, ಚಿಕ್ಕದಾಗಿ ಐಬಿಎಸ್. ಇದರಿಂದ ಯಾರೂ ಸಾಯುವುದಿಲ್ಲ. ಸಾಯಿಸದ, ಸೂಕ್ಷ್ಮದರ್ಶಕಕ್ಕೂ ಕಾಣದ ಕಾಯಿಲೆಗೆ ದಾಖಲೆಯಲ್ಲಿ ಜಾಗ ಸಿಗುವುದು ಸುಲಭವಲ್ಲ. ಮೈಸೂರಿನಂಥ ಕಡೆ ಸೂಕ್ಷ್ಮದರ್ಶಕ ಬಂದ ಮೇಲೆ ಇದನ್ನು ಗುರುತಿಸುವುದು ಇನ್ನಷ್ಟು ಕಷ್ಟವಾಯಿತು ಎಂದರೂ ತಪ್ಪಾಗಲಾರದು.

ಮೊದಲು ನಂಜನಗೂಡಿನ ದಾರಿ. ಕಪಿಲಾ ನದಿಯ ದಡದ ಶ್ರೀಕಂಠೇಶ್ವರನಿಗೆ ವೈದ್ಯನೆಂಬ ಕೀರ್ತಿ ಹಳೆಯದು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋದಾಗ ಇಲ್ಲಿ ಹರಕೆ ಹೊತ್ತು ಗುಣವಾಯಿತೆಂದೂ, ಸುಲ್ತಾನ ದೇವರನ್ನು ಹಕೀಮ್ ನಂಜುಂಡ ಎಂದು ಕರೆದು ಪಚ್ಚೆಲಿಂಗ ಕೊಟ್ಟನೆಂದೂ ಐತಿಹ್ಯ. 1891ರಲ್ಲಿ ಮೈಸೂರು–ನಂಜನಗೂಡು ರೈಲು ಶುರುವಾದ ಮೇಲೆ ಹರಕೆಯವರ ಪ್ರಯಾಣ ಸಲೀಸಾಯಿತು. ವಾಸಿಯಾಗದ ಕಾಯಿಲೆಯವರು ಹೊಳೆಯಲ್ಲಿ ಮಿಂದು ಒದ್ದೆಬಟ್ಟೆಯಲ್ಲಿ ಉರುಳುಸೇವೆ ಮಾಡುವುದು ಇಂದಿಗೂ ನಿಂತಿಲ್ಲ. ಹೊಟ್ಟೆಶೂಲೆಗೂ ದೈವಕ್ಕೂ ಕನ್ನಡನಾಡು ಕಟ್ಟಿದ ನಂಟು ನಂಜನಗೂಡಿನದಷ್ಟೇ ಅಲ್ಲ. ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರ ಕಥೆಯೂ ಇದೇ ಜಾಡಿನದು: ವಿಜಯದಾಸರನ್ನು ಹಗುರವಾಗಿ ಕಂಡದ್ದಕ್ಕೆ ಅವರಿಗೆ ತಾಳಲಾರದ ಉದರಶೂಲೆ ಬಂತು, ಕೊನೆಗೆ ಗೋಪಾಲದಾಸರು ಕೊಟ್ಟ ಜೋಳದ ರೊಟ್ಟಿ ತಿಂದು ಅದು ಇಳಿಯಿತು ಎಂದು ದಾಸಪರಂಪರೆ ಹೇಳುತ್ತದೆ. ನೋವಿಗೆ ಕಾರಣ ಮನುಷ್ಯ ಸಂಬಂಧದಲ್ಲಿ ಆದ ಒಂದು ಬಿರುಕು, ಅದು ಸರಿಯಾದಾಗ ಹೊಟ್ಟೆಯೂ ಸರಿಯಾಯಿತು. ಕಥೆಯನ್ನು ನಂಬಬೇಕಾಗಿಲ್ಲ, ಅದನ್ನು ಕಟ್ಟಿದವರು ಹೊಟ್ಟೆಯನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರು ಎಂಬುದನ್ನು ಒಪ್ಪಬೇಕು.

ದೇವರಿಗಿಂತ ಹತ್ತಿರದಲ್ಲಿ ಇನ್ನೊಂದು ವಿವರಣೆಯಿತ್ತು: ಇಡುಮದ್ದು. ತಿಂದದ್ದು ಮೈಗೆ ಹತ್ತುವುದಿಲ್ಲ, ಹೊಟ್ಟೆ ಗುಡುಗುಡು ಎನ್ನುತ್ತದೆ, ಬೆಳಗೆದ್ದರೆ ಎರಡು ಮೂರು ಸಲ ಹೊರಕಡೆಗೆ ಓಡಬೇಕು ಎಂದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಮನೆಯ ಹಿರಿಯರಿಗೆ ಅನುಮಾನ ಹುಟ್ಟುತ್ತಿತ್ತು, ಯಾರೋ ಊಟದಲ್ಲಿ ಮದ್ದು ಇಕ್ಕಿದ್ದಾರೆ ಎಂದು. ಮದ್ದು ತೆಗೆಯುವವರು ಇದ್ದರು, ಈಗಲೂ ಇದ್ದಾರೆ. ಬರಿಹೊಟ್ಟೆಯಲ್ಲಿ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ. ಬಿದ್ದದ್ದರಲ್ಲಿ ಒಂದು ಉಂಡೆಯನ್ನೋ ಕೂದಲನ್ನೋ ತೋರಿಸಿ, ಇದೇ ನೋಡಿ ಎನ್ನುತ್ತಾರೆ. ವಿಷದ ಬಗ್ಗೆ ಈ ನಾಡಿಗಿದ್ದ ಭಯ ಬರಿಯ ಹಳ್ಳಿಮಾತಾಗಿರಲಿಲ್ಲ. 14ನೆಯ ಶತಮಾನದಲ್ಲೇ ಮಂಗರಾಜ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯದ ದೊಡ್ಡ ಗ್ರಂಥವನ್ನು ಕನ್ನಡದಲ್ಲೇ ಬರೆದಿದ್ದ.

ಇಡುಮದ್ದಿನ ನಂಬಿಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಅನುಮಾನದ ಬೆರಳು ಸಾಮಾನ್ಯವಾಗಿ ತಿರುಗುತ್ತಿದ್ದದ್ದು ಓರಗಿತ್ತಿಯ ಕಡೆಗೆ, ಹೊಸ ಸೊಸೆಯ ಕಡೆಗೆ, ದಿಕ್ಕಿಲ್ಲದ ವಿಧವೆಯ ಕಡೆಗೆ. ಆದರೂ ಮದ್ದು ತೆಗೆಯುವವರು ಕೇಳುತ್ತಿದ್ದ ಪ್ರಶ್ನೆಗಳನ್ನು ಒಮ್ಮೆ ನೋಡಬೇಕು. ಯಾವಾಗ ಶುರುವಾಯಿತು? ಅದಕ್ಕೆ ಮುಂಚೆ ಯಾರ ಮನೆಯಲ್ಲಿ ಉಂಡಿದ್ದೆ? ಮನೆಯಲ್ಲಿ ಜಗಳವೇನಾದರೂ ನಡೆದಿತ್ತೇ? ಉತ್ತರಕ್ಕೆ ಅವರು ಕೊಡುತ್ತಿದ್ದ ಅರ್ಥ ತಪ್ಪು, ಪ್ರಶ್ನೆ ತಪ್ಪಲ್ಲ. ಇಂದಿನ ಕರುಳಿನ ತಜ್ಞರೂ ಇವೇ ಮೂರನ್ನು ಕೇಳುತ್ತಾರೆ, ಬೇರೆ ಮಾತಿನಲ್ಲಿ.

ಇನ್ನು ಬಟ್ಟಿ. ಹೊಕ್ಕುಳಿನ ಹತ್ತಿರ ಬೆರಳಿಟ್ಟರೆ ಮಿಡಿತ ಸರಿಯಾದ ಜಾಗದಲ್ಲಿ ಸಿಗಬೇಕು, ಸಿಗದಿದ್ದರೆ ಬಟ್ಟಿ ಜಾರಿದೆ ಎಂದು ಲೆಕ್ಕ. ಹರಳೆಣ್ಣೆ ಹಚ್ಚಿ ನೀವುವುದು, ಹೊಕ್ಕುಳ ಮೇಲೆ ಸಣ್ಣ ದೀಪವಿಟ್ಟು ಲೋಟ ಕವುಚುವುದು ಅದಕ್ಕೆ ಚಿಕಿತ್ಸೆ. ಬಡಕಲು ಮೈಯವರ ಹೊಟ್ಟೆಯಲ್ಲಿ ಕೈಗೆ ಸಿಗುವ ಆ ಮಿಡಿತ ಮಹಾಧಮನಿಯದು. ಅದು ಎಲ್ಲಿಗೂ ಜಾರುವುದಿಲ್ಲ. ಹತ್ತು ನಿಮಿಷ ಬೆಚ್ಚನೆಯ ಕೈಯಲ್ಲಿ ಹೊಟ್ಟೆ ನೀವಿದರೆ ಸೆಳೆತ ಸಡಿಲವಾಗುವುದು ಮಾತ್ರ ನಿಜ.

ಈಗ ಉತ್ತರದ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾಯಿತು. ದೇಶದ ಅತಿ ಹಳೆಯ ಆಯುರ್ವೇದ ಕಾಲೇಜುಗಳಲ್ಲಿ ಅದೊಂದು. ಐದು ವರ್ಷದ ಮೇಲೆ, 1913ರಲ್ಲಿ, ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ನಾಡಿಗೆಲ್ಲ ಅದು ಹಲ್ಲುಪುಡಿಯಿಂದ ಪರಿಚಯ. ಹೀಗೆ ಮಂಡಕಳ್ಳಿ ದಾರಿಯ ಎರಡೂ ತುದಿಯಲ್ಲಿ ಆಯುರ್ವೇದ ಕಟ್ಟಡ ಕಟ್ಟಿಕೊಂಡು ಕೂತಿತು.

ಈ ವೈದ್ಯರ ಬಳಿ ಇಂಥ ಹೊಟ್ಟೆಗೆ ಒಂದು ಹೆಸರು ಮೊದಲಿನಿಂದಲೂ ಇತ್ತು: ಗ್ರಹಣಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಪೂರ್ತಿ ಅದಕ್ಕೇ ಮೀಸಲು. ಜಠರದ ಅಗ್ನಿ ನಾಲ್ಕು ಬಗೆಯದು, ಸಮ, ತೀಕ್ಷ್ಣ, ಮಂದ, ವಿಷಮ. ಅಗ್ನಿ ಕೆಟ್ಟರೆ ಅನ್ನ ಹಸಿಯಾಗಿಯೋ ಅರೆಬೆಂದೋ ಮುಂದೆ ಹೋಗುತ್ತದೆ, ಮಲ ಒಮ್ಮೆ ಗಟ್ಟಿ ಒಮ್ಮೆ ನೀರು. ವಿಷಮಾಗ್ನಿಯ ಕಲ್ಪನೆ ಗಮನಿಸುವಂಥದ್ದು. ಅದು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಇವತ್ತು ಒಂದು ರೀತಿ, ನಾಳೆ ಇನ್ನೊಂದು ರೀತಿ. ಭೇದಿ ನಿಂತ ಮೇಲೂ ಅಗ್ನಿ ಮಂದವಾಗಿಯೇ ಇರುವಾಗ ಪಥ್ಯ ತಪ್ಪಿದರೆ ಗ್ರಹಣಿ ಬರುತ್ತದೆ ಎಂಬ ಎಚ್ಚರಿಕೆಯೂ ಸುಶ್ರುತ, ಮಾಧವರ ಗ್ರಂಥಗಳಲ್ಲಿದೆ. ಸೋಂಕಿನ ಭೇದಿಯಾದ ಮೇಲೆ ಕೆಲವರ ಕರುಳು ವರ್ಷಗಟ್ಟಲೆ ಮೊದಲಿನಂತಾಗುವುದಿಲ್ಲ ಎಂಬುದನ್ನು ಆಧುನಿಕ ವೈದ್ಯಶಾಸ್ತ್ರ ಒಪ್ಪಿಕೊಂಡದ್ದು ಎರಡನೆಯ ಮಹಾಯುದ್ಧದ ಸೈನಿಕರನ್ನು ನೋಡಿದ ಮೇಲೆ.

ಹಾಗೆಂದು ಗ್ರಹಣಿಯೇ ಐಬಿಎಸ್ ಎಂದು ಬೀಗುವವರ ಮಾತನ್ನು ಪೂರ್ತಿ ಒಪ್ಪುವಂತಿಲ್ಲ. ಸಂಗ್ರಹಣಿ ಎಂಬ ಒಂದೇ ಚೀಲದಲ್ಲಿ ಕರುಳಿನ ಕ್ಷಯವೂ ಇತ್ತು, ಮೈ ಸೊರಗಿಸುವ ಸ್ಪ್ರೂ ಕಾಯಿಲೆಯೂ ಇತ್ತು, ಅವುಗಳಿಂದ ಜನ ಸಾಯುತ್ತಲೂ ಇದ್ದರು. ಚಿಕಿತ್ಸೆಯ ಮಾತು ಬೇರೆ. ಗ್ರಹಣಿಗೆ ಮಜ್ಜಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ಚರಕ ಹೇಳಿದ್ದು ಮೈಸೂರಿನ ಅಡುಗೆಮನೆಗೆ ಹೊಸದಾಗಿ ಕಲಿಸಬೇಕಾದ ಪಾಠವೇನೂ ಆಗಿರಲಿಲ್ಲ. ಹುರಿದ ಜೀರಿಗೆ, ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆ ಪ್ರತಿ ಮನೆಯಲ್ಲೂ ಇತ್ತು. ಬಿಲ್ವದ ಕಾಯಿ 1868ರ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದೊಳಗೆ ಹೋಯಿತು. ಸಂಸ್ಕೃತದ ಕುಟಜ, ನಮ್ಮ ಕೊಡಸಿಗೆ, ಅದರ ತೊಗಟೆ ಯುರೋಪಿನ ಔಷಧದಂಗಡಿಗಳಲ್ಲಿ ತಲಚೇರಿ ತೊಗಟೆ ಎಂಬ ಹೆಸರಲ್ಲಿ ಮಾರಾಟವಾಯಿತು. ಆಮಶಂಕೆಗೆ ಬ್ರಿಟಿಷರು ಹೆದರಿದ್ದಷ್ಟು ಹುಲಿಗೂ ಹೆದರಿರಲಿಕ್ಕಿಲ್ಲ.

ಆ ಹೆದರಿಕೆಯೇ ಸರ್ಕಾರದ ಲೆಕ್ಕದ ಪುಸ್ತಕವನ್ನೂ ರೂಪಿಸಿತು. ಬ್ರಿಟಿಷರ ಕಾಲದ ಜನನ ಮರಣ ಪಟ್ಟಿಗಳಲ್ಲಿ ಸಾವಿಗೆ ಕೆಲವೇ ಕಾಲಂಗಳು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಇತರೆ. ಸಾಯದೆ ನರಳಿದವರಿಗೆ ಅಲ್ಲಿ ಜಾಗವಿಲ್ಲ. ಮಜವೆಂದರೆ ಅದೇ ಕಾಲದಲ್ಲಿ ಪಶ್ಚಿಮದ ವೈದ್ಯರು ತಮ್ಮ ಊರಿನ ರೋಗಿಗಳಲ್ಲಿ ಈ ಕಾಯಿಲೆಯನ್ನು ಗುರುತಿಸಿಯಾಗಿತ್ತು. 1849ರಲ್ಲಿ ವಿಲಿಯಂ ಕಮ್ಮಿಂಗ್ ಎಂಬುವರು ಲಂಡನ್ ಮೆಡಿಕಲ್ ಗೆಜೆಟ್‌ನಲ್ಲಿ ಬರೆದರು: ಒಬ್ಬನೇ ಮನುಷ್ಯನಿಗೆ ಒಮ್ಮೆ ಮಲಬದ್ಧತೆ, ಒಮ್ಮೆ ಸಡಿಲ, ಒಂದೇ ಕಾಯಿಲೆಗೆ ಹೀಗೆ ಎದುರುಬದುರಾದ ಎರಡು ಲಕ್ಷಣ ಹೇಗೆ ಬರುತ್ತವೋ ತಮಗೆ ತಿಳಿಯದು ಎಂದು. 1892ರಲ್ಲಿ ವಿಲಿಯಂ ಆಸ್ಲರ್ ತಮ್ಮ ಪ್ರಸಿದ್ಧ ಪಠ್ಯದಲ್ಲಿ ಮ್ಯೂಕಸ್ ಕೊಲೈಟಿಸ್ ಎಂಬ ಹೆಸರಿನಡಿ ಇಂಥವರ ಬಗ್ಗೆ ಬರೆದು, ಅವರಲ್ಲಿ ಅನೇಕರು ನರದೌರ್ಬಲ್ಯದವರು ಎಂದರು. ಬಿಳಿಯರಿಗೆ ನರದ ಕಾಯಿಲೆ, ಕಪ್ಪು ಜನರಿಗೆ ಹುಳುವಿನ ಕಾಯಿಲೆ ಎಂಬ ಒಂದು ಹಂಚಿಕೆ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಹೋಯಿತು.

ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು, ದೊಡ್ಡಾಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ಊರಿನ ಬೀದಿಗಳಲ್ಲಿ ಎಲ್‌ಎಂಪಿ ಲೈಸೆನ್ಸಿನ ಡಾಕ್ಟರ ದವಾಖಾನೆಗಳು ಕಾಣಿಸಿಕೊಂಡವು. ಆ ಪೀಳಿಗೆಯ ಡಾಕ್ಟರು ಹೊಟ್ಟೆಗೆ ಕೊಡುತ್ತಿದ್ದದ್ದು ಮಿಕ್ಸ್ಚರ್. ಕಾಂಪೌಂಡರ್ ಸೀಸೆಗೆ ಬಗ್ಗಿಸಿ, ಹೊರಗೆ ಕಾಗದದ ಪಟ್ಟಿ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದ, ಹಲ್ಲಿಗೊಂದು ಡೋಸು. ಕಾರ್ಮಿನೇಟಿವ್ ಮಿಕ್ಸ್ಚರಿನ ಗುಲಾಬಿ ಬಣ್ಣ ಏಲಕ್ಕಿ ಟಿಂಕ್ಚರಿಗೆ ಬೆರೆಸಿದ ಕೀಟವೊಂದರ ಬಣ್ಣ. ಜೊತೆಗೆ ಸೋಡಾ. ನೋವು ಜೋರಾಗಿದ್ದರೆ ಬೆಲ್ಲಡೋನಾ ನಾಲ್ಕು ಹನಿ, ನಿದ್ದೆಯಿಲ್ಲದವರಿಗೆ ಸ್ವಲ್ಪ ಬ್ರೋಮೈಡ್. ಲೇವಡಿ ಮಾಡುವ ಮುಂಚೆ ಒಂದು ಕ್ಷಣ ತಡೆಯಬೇಕು. ಏಲಕ್ಕಿ ವಾಯುವಿಗೆ, ಬೆಲ್ಲಡೋನಾ ಕರುಳಿನ ಸೆಳೆತಕ್ಕೆ, ಬ್ರೋಮೈಡ್ ತಳಮಳಕ್ಕೆ: ಐಬಿಎಸ್‌ಗೆ ಇಂದು ಬರೆಯುವ ಚೀಟಿಯ ತರ್ಕ ಇದಕ್ಕಿಂತ ತೀರಾ ದೂರದಲ್ಲಿಲ್ಲ. ಆ ಡಾಕ್ಟರಿಗೆ ರೋಗಿಯ ಅಪ್ಪ, ಅಜ್ಜಿ, ಸಾಲ, ಕೋರ್ಟಿನ ತಾಪತ್ರಯ ಎಲ್ಲವೂ ಗೊತ್ತಿರುತ್ತಿತ್ತು. ರೋಗಕ್ಕೆ ಹೆಸರಿಡದೆಯೂ ರೋಗಿಯನ್ನು ನಡೆಸಿಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಅಮೀಬಾ ಬಂತು. ರಕ್ತಭೇದಿಯ ರೋಗಿಯ ಮಲದಲ್ಲಿ ಅದನ್ನು 1875ರಲ್ಲಿ ಮೊದಲು ವಿವರಿಸಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನ ಲೋಷ್. 1912ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಎಮಿಟೀನ್ ಸೂಜಿಮದ್ದು ಕೊಟ್ಟು ಸಾವಿರಾರು ಜೀವ ಉಳಿಯುವ ದಾರಿ ಮಾಡಿದರು. ಅಮೀಬಾ ಕರುಳನ್ನು ಕೊರೆಯುವುದೂ, ಯಕೃತ್ತಿನಲ್ಲಿ ಕೀವು ಕಟ್ಟಿಸಿ ಕೊಲ್ಲುವುದೂ ನಿಜ. ತೊಡಕು ಶುರುವಾದದ್ದು ರಕ್ತವೂ ಇಲ್ಲದ, ಜ್ವರವೂ ಇಲ್ಲದ, ವರ್ಷಗಟ್ಟಲೆ ಗುಡುಗುಟ್ಟುವ ಹೊಟ್ಟೆಯವರ ಮಲವನ್ನೂ ಗಾಜಿನ ಮೇಲೆ ಸವರಿ ನೋಡಲು ಶುರುಮಾಡಿದಾಗ.

ಊರಿನ ಲ್ಯಾಬಿಗೆ ಮಲ ಬರುತ್ತಿದ್ದದ್ದು ಬೆಂಕಿಪೊಟ್ಟಣದಲ್ಲಿ. ಹಳ್ಳಿಯಿಂದ ಬಸ್ಸು ಹತ್ತಿ, ಸರದಿಯಲ್ಲಿ ಕೂತು, ಟೆಕ್ನಿಷಿಯನ್ನನ ಕೈ ಸೇರುವ ಹೊತ್ತಿಗೆ ಗಂಟೆಗಳು ಕಳೆದಿರುತ್ತವೆ. ರೋಗ ಮಾಡುವ, ಓಡಾಡುವ ಅಮೀಬಾ ಬೆಚ್ಚಗಿನ ಮಲದಲ್ಲಿ ಅರ್ಧ ಗಂಟೆಯೊಳಗೆ ಕಂಡರೆ ಕಂಡಿತು. ಆಮೇಲೆ ಉಳಿಯುವುದು ಅದರ ಸಿಸ್ಟ್, ಅಂದರೆ ಚಿಪ್ಪುಕಟ್ಟಿದ ಸ್ಥಿತಿ. ಆ ಸಿಸ್ಟನ್ನು ನೋಡಿ, ಇದು ಹಾನಿ ಮಾಡುವ ಹಿಸ್ಟೊಲಿಟಿಕಾವೋ, ಹಾಗೆಯೇ ಕಾಣುವ ನಿರಪಾಯದ ಇನ್ನೊಂದೋ ಎಂದು ಬ್ರಹ್ಮನೂ ಹೇಳಲಾರ. ಎರಡು ಬೇರೆ ಬೇರೆ ಜಾತಿಗಳಿವೆ ಎಂದು ಫ್ರಾನ್ಸಿನ ಬ್ರಂಪ್ಟ್ 1925ರಲ್ಲೇ ಹೇಳಿ, ನಿರಪಾಯದ್ದಕ್ಕೆ ಡಿಸ್ಪಾರ್ ಎಂದು ಹೆಸರಿಟ್ಟಿದ್ದರು. ಕೇಳಿದವರು ಕಡಿಮೆ. 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಜೀವರಸಾಯನದ ಆಧಾರ ಕೊಟ್ಟು ಅದನ್ನು ಸ್ಥಾಪಿಸಿದರು. ಅಷ್ಟು ಹೊತ್ತಿಗೆ ಸುಮಾರು 70 ವರ್ಷ ಕಳೆದಿತ್ತು. ಲಕ್ಷಣವಿಲ್ಲದೆ ಸಿಸ್ಟ್ ಹೊತ್ತು ತಿರುಗುವವರಲ್ಲಿ ಬಹುಪಾಲು ಜನರ ಕರುಳಿನಲ್ಲಿದ್ದದ್ದು ಈ ಪಾಪದ ಡಿಸ್ಪಾರ್.

ಆ 70 ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ನುಂಗಿದ ಮಾತ್ರೆಗಳಿಗೆ ಲೆಕ್ಕವಿಲ್ಲ. ಎಮಿಟೀನ್ ಹೃದಯಕ್ಕೆ ಪೆಟ್ಟು ಕೊಡುತ್ತಿತ್ತು. ಎಂಟರೋವಯೋಫಾರ್ಮ್‌ನಂಥ ಕ್ಲಿಯೊಕ್ವಿನಾಲ್ ಮಾತ್ರೆಗಳು ಭೇದಿಗೆ ಮನೆಮಾತಾಗಿದ್ದವು. ಅದರಿಂದ ಸಾವಿರಾರು ಜನರ ಕಾಲು ಕಣ್ಣುಗಳ ನರ ಹೋಯಿತೆಂದು ಜಪಾನ್ 1970ರಲ್ಲಿ ಅದರ ಮಾರಾಟ ನಿಲ್ಲಿಸಿತು, ಇಲ್ಲಿ ಅದು ಅಂಗಡಿಗಳಲ್ಲಿ ಮುಂದುವರಿಯಿತು. 1966ರಲ್ಲಿ ಮೆಟ್ರೊನಿಡಜೋಲ್ ಅಮೀಬಾಕ್ಕೆ ನಾಟುತ್ತದೆಂದು ಗೊತ್ತಾದ ಮೇಲೆ ಅದು ಎಲ್ಲರ ಜೇಬು ಸೇರಿತು. ಬಾಯಿಯೆಲ್ಲ ಲೋಹದ ರುಚಿ, ಐದು ದಿನದ ಕೋರ್ಸು, ಎರಡು ತಿಂಗಳು ಆರಾಮ, ಮತ್ತೆ ಅದೇ ಕಥೆ. ಆರಾಮವಾದದ್ದು ಯಾಕೆ? ಐಬಿಎಸ್ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ಔಷಧದ ಪ್ರಯೋಗಗಳಲ್ಲಿ ಬರಿಯ ಹಿಟ್ಟಿನ ಮಾತ್ರೆ ನುಂಗಿದವರಲ್ಲೂ ಶೇ. 30–40ರಷ್ಟು ಜನ ಉತ್ತಮವಾಯಿತು ಎನ್ನುತ್ತಾರೆ. ಮಾತ್ರೆಗೂ ಆರಾಮಕ್ಕೂ ಗಂಟು ಬಿದ್ದ ಮೇಲೆ ರೋಗಿಯೂ ಅಮೀಬಾ ನಂಬಿದ, ಡಾಕ್ಟರೂ ನಂಬಿದರು. ‘ನನಗೆ ಹತ್ತು ವರ್ಷದಿಂದ ಅಮೀಬಿಯಾಸಿಸ್’ ಎಂದು ಹೇಳಿಕೊಳ್ಳುವವರು ಪ್ರತಿ ಬೀದಿಯಲ್ಲೂ ಸಿಕ್ಕರು. ಇಡುಮದ್ದು ತೆಗೆಯುವವರು ಬಟ್ಟಲಿನಲ್ಲಿ ತೋರಿಸುತ್ತಿದ್ದದ್ದನ್ನು ಲ್ಯಾಬು ಈಗ ಚೀಟಿಯಲ್ಲಿ ಬರೆದುಕೊಟ್ಟಿತು.

ಈ ಮಾತು ಕಟುವೆನಿಸಿದರೆ 1997ರ ಲ್ಯಾನ್ಸೆಟ್ ಪತ್ರಿಕೆ ನೋಡಬಹುದು. ಅನಿಲ್ ಆನಂದ್ ಮತ್ತು ಅವರ ಜೊತೆಯ ಭಾರತೀಯ ಸೇನೆಯ ವೈದ್ಯರು ಅಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು: ರಕ್ತಭೇದಿಯಿಲ್ಲದ ಅಮೀಬಿಯಾಸಿಸ್ ಎಂಬುದು ಇದೆಯೇ? ಐಬಿಎಸ್ ಲಕ್ಷಣವಿದ್ದವರಲ್ಲೂ ಇಲ್ಲದವರಲ್ಲೂ ಅಮೀಬಾ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿತ್ತು. ಅದನ್ನು ಕೊಂದ ಮಾತ್ರಕ್ಕೆ ಲಕ್ಷಣ ಹೋಗಲಿಲ್ಲ.

ಪಶ್ಚಿಮದಲ್ಲಿ ಇದಕ್ಕೂ ಬಹಳ ಮುಂಚೆಯೇ ಬೇರೆ ಕೆಲಸ ನಡೆದಿತ್ತು. 1962ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚೌಧರಿ ಮತ್ತು ಟ್ರೂಲವ್ 130 ರೋಗಿಗಳ ಕಥೆಯನ್ನು ಕೂತು ಕೇಳಿ ಬರೆದರು. ಅವರಲ್ಲಿ ಸುಮಾರು ಕಾಲುಭಾಗ ಜನರಿಗೆ ಕಾಯಿಲೆ ಶುರುವಾದದ್ದು ಒಂದು ಜೋರಾದ ಭೇದಿಯ ನಂತರ. ಅಂದರೆ ನಮ್ಮ ಡಾಕ್ಟರು ಸೋಂಕಿನ ಕಡೆ ಬೆರಳು ತೋರಿಸಿದ್ದು ಪೂರ್ತಿ ಸುಳ್ಳಲ್ಲ. ಕಳ್ಳ ಬಂದದ್ದು ಹೌದು, ಮನೆ ಬಿಟ್ಟು ಹೋಗಿಯೂ ಆಗಿತ್ತು. 1978ರಲ್ಲಿ ಬ್ರಿಸ್ಟಲ್‌ನ ಮ್ಯಾನಿಂಗ್ ಮತ್ತು ಗೆಳೆಯರು ಯಾವ ಯಂತ್ರವೂ ಇಲ್ಲದೆ, ಕೇವಲ ಪ್ರಶ್ನೆಗಳಿಂದ ಈ ಕಾಯಿಲೆಯನ್ನು ಹುಣ್ಣು, ಗೆಡ್ಡೆಗಳಿಂದ ಬೇರೆ ಮಾಡಬಹುದೆಂದು ತೋರಿಸಿದರು. ಮುಂದೆ ತಜ್ಞರು ರೋಮ್ ನಗರದಲ್ಲಿ ಸೇರಿ ಮಾಡಿದ ಮಾನದಂಡಗಳು ಬಂದವು. 2016ರ ನಾಲ್ಕನೆಯ ಆವೃತ್ತಿಯ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಮಲವಿಸರ್ಜನೆಗೆ ಸಂಬಂಧಪಟ್ಟಿರುವುದು, ಎಷ್ಟು ಸಲ ಎಂಬುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡು ಜೊತೆಗಿರಬೇಕು. ಶುರುವಾಗಿ ಆರು ತಿಂಗಳಾದರೂ ಆಗಿರಬೇಕು.

ರೋಮ್‌ನ ಅಳತೆಗೋಲು ಮೈಸೂರಿನ ಹೊಟ್ಟೆಗೆ ಸರಿಯಾಗಿ ಕೂರುವುದಿಲ್ಲ ಎಂಬುದು ಬೇಗ ಗೊತ್ತಾಯಿತು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋದರೆ ಮಲಬದ್ಧತೆ ಎಂದು ಅಲ್ಲಿಯ ಲೆಕ್ಕ. ಸೊಪ್ಪು, ಕಾಳು, ಮುದ್ದೆ ತಿನ್ನುವ ನಮ್ಮವರು ದಿನಕ್ಕೊಮ್ಮೆಯೋ ಎರಡು ಸಲವೋ ಹೋಗುವುದು ಮಾಮೂಲು. ದಿನಾ ಹೋಗಿಯೂ ‘ಮೋಷನ್ ಫ್ರೀಯಾಗಿ ಆಗಲ್ಲ ಡಾಕ್ಟ್ರೇ’ ಎನ್ನುವವರು ಆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೊಎಂಟರಾಲಜಿಯ ಕಾರ್ಯಪಡೆ ದೇಶದ ಹಲವು ಕೇಂದ್ರಗಳಲ್ಲಿ ಸಮೀಕ್ಷೆ ಮಾಡಿ 2008ರಲ್ಲಿ ವರದಿ ಕೊಟ್ಟಾಗ, ಸಾಮಾನ್ಯ ಜನರಲ್ಲಿ ಶೇ. 4.2ರಷ್ಟು ಮಂದಿಗೆ ಐಬಿಎಸ್ ಇತ್ತು. ಪಶ್ಚಿಮದಲ್ಲಿ ಇದು ಹೆಂಗಸರಲ್ಲಿ ಹೆಚ್ಚು. ನಮ್ಮಲ್ಲಿ ಊರೊಳಗೆ ಎಣಿಸಿದರೆ ಗಂಡು ಹೆಣ್ಣು ಹತ್ತಿರಹತ್ತಿರ ಸಮ, ಆಸ್ಪತ್ರೆಯ ಸಾಲಿನಲ್ಲಿ ಎಣಿಸಿದರೆ ಗಂಡಸರೇ ಜಾಸ್ತಿ. ಕತ್ತಲಾಗುವ ತನಕ ತಡೆದುಕೊಂಡು ಬಯಲಿಗೆ ಹೋಗುವುದನ್ನೇ ಬದುಕಾಗಿ ಮಾಡಿಕೊಂಡಿದ್ದ ಹೆಂಗಸರಿಗೆ ‘ಹೋಗುವ ಹೊತ್ತು ಬದಲಾಗಿದೆಯೇ’ ಎಂದು ಕೇಳಿದ ಡಾಕ್ಟರು ಎಷ್ಟು ಜನವೋ.

ಮನಸ್ಸಿನ ಕಡೆಯ ಬಾಗಿಲು ಮೈಸೂರಿನಲ್ಲಿ ಬೇಗ ತೆರೆದಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ ಶುರುವಾದದ್ದು ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ, ಮೆಡಿಕಲ್ ಕಾಲೇಜು ಹುಟ್ಟಿದ 1924ರಲ್ಲೇ. ತಮ್ಮ ಮನೆಯಿಂದ ಆಕಾಶವಾಣಿ ಬಿತ್ತರಿಸಿದ ಗೋಪಾಲಸ್ವಾಮಿ ಇವರೇ. ಒಂದೇ ಊರಿನಲ್ಲಿ ಎರಡೂ ವಿದ್ಯೆಗಳು ಬೆಳೆದವು, ಹೊಟ್ಟೆ ಒಂದರ ಪಾಲಾಯಿತು, ಮನಸ್ಸು ಇನ್ನೊಂದರ ಪಾಲಾಯಿತು. ಎರಡನ್ನೂ ಒಟ್ಟಿಗೆ ಹಿಡಿದು ಕನ್ನಡದಲ್ಲಿ ಮಾತಾಡಿದವರು ಬೆಂಗಳೂರಿನಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ಎಂ. ಶಿವರಾಂ. ‘ರಾಶಿ’ ಎಂಬ ಹೆಸರಲ್ಲಿ ನಗಿಸಿ, 1942ರಲ್ಲಿ ಕೊರವಂಜಿ ಪತ್ರಿಕೆ ಕಟ್ಟಿದವರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯದ ಪುಸ್ತಕವೊಂದಕ್ಕೆ, ಅದೂ ಜನರಲ್ ಪ್ರಾಕ್ಟೀಸಿನ ಡಾಕ್ಟರೊಬ್ಬರಿಗೆ, ಸಾಹಿತ್ಯದ ಮನ್ನಣೆ. ಅದೇ ವರ್ಷ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಸುತ್ತಿ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪ್ರಕಟವಾಯಿತು. ಮನಸ್ಸಿನ ಸಂಕಟ ಮೈಯ ನೋವಾಗಿ ಹೇಗೆ ಬಾಯಿಗೆ ಬರುತ್ತದೆ, ಆಗ ಜನ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿಗಳ ಹತ್ತಿರ ಹೇಗೆ ಹೋಗುತ್ತಾರೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡಿದ ಅಧ್ಯಯನ ಈ ನಾಡಿನಲ್ಲಿ ಹೆಚ್ಚಿಲ್ಲ.

ಇವತ್ತು ಮಂಡಕಳ್ಳಿ, ಕಡಕೊಳದ ಆಸುಪಾಸು ಕಾರ್ಖಾನೆಗಳಿವೆ, ಶಿಫ್ಟುಗಳಿವೆ. ಶಿಫ್ಟಿನವರ ಊಟಕ್ಕೂ ನಿದ್ದೆಗೂ ಹೊತ್ತಿಲ್ಲ, ಅದು ಕರುಳಿಗೂ ಗೊತ್ತು. ರೋಗಿ ಬಂದು ಹೇಳುವ ಪದ ಈಗ ‘ಗ್ಯಾಸ್ಟ್ರಿಕ್’. ಎದೆಯುರಿ, ಉಬ್ಬರ, ಭೇದಿ, ಬೆನ್ನುನೋವು, ಕೊನೆಗೆ ಹೃದಯಾಘಾತದ ಮೊದಲ ನೋವು ಕೂಡ ಇದರೊಳಗೆ ಬಂದುಬಿಡುತ್ತದೆ. ಸಾಮಾನ್ಯ ವೈದ್ಯ ಈ ಗಂಟನ್ನು ಬಿಡಿಸಲು ಮಾಡಬೇಕಾದದ್ದು ಹೆಚ್ಚಿಲ್ಲ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತವಿದೆಯೇ, ಜ್ವರ ಬರುತ್ತದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯೇ, 50 ದಾಟಿದ ಮೇಲೆ ಹೊಸದಾಗಿ ಶುರುವಾಯಿತೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಮುಂದೆ ಕಳಿಸಬೇಕು. ನಮ್ಮಲ್ಲಿ ಕರುಳಿನ ಕ್ಷಯವನ್ನು ಮರೆಯುವಂತೆಯೇ ಇಲ್ಲ. ಎಲ್ಲಕ್ಕೂ ಇಲ್ಲವೆಂದರೆ ಒಂದು ರಕ್ತಪರೀಕ್ಷೆ, ಅಗತ್ಯವಿದ್ದರೆ ಇನ್ನೊಂದೆರಡು, ಅಷ್ಟು ಸಾಕು. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ತನ್ನ ಸಾಮಾನ್ಯ ವೈದ್ಯರಿಗೆ ಹೇಳಿದ್ದೂ ಇದನ್ನೇ: ಇದು ಎಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಅನುಮಾನವಾಗಬಾರದು, ಲಕ್ಷಣ ನೋಡಿ ಧೈರ್ಯವಾಗಿ ಹೇಳುವ ಹೆಸರಾಗಬೇಕು.

ಧೈರ್ಯಕ್ಕೆ ಸಮಯ ಬೇಕು. 67 ದೇಶಗಳಲ್ಲಿ ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆಂದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ ಲೆಕ್ಕ ಪ್ರಕಟಿಸಿದಾಗ ಭಾರತದ ಅಂಕಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಸ್ಕ್ಯಾನಿಗೆ ಚೀಟಿ ಬರೆಯಬಹುದು, ನಾರ್‌ಫ್ಲಾಕ್ಸಾಸಿನ್–ಟಿನಿಡಜೋಲ್ ಬರೆಯಬಹುದು. ಅಮೀಬಾ ಹೋದರೂ ಅಮೀಬಾದ ಮಾತ್ರೆ ಹೋಗದಿರಲು ಒಂದು ಕಾರಣ ಇದು.

ಆಹಾರದ ಮಾತಿಗೂ ಅದೇ ಗತಿ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2005ರಿಂದ ಬೆಳೆಸಿದ ಫಾಡ್‌ಮ್ಯಾಪ್ ಪಟ್ಟಿಯ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು ಸೂಕ್ಷ್ಮ ಕರುಳಿಗೆ ಆಗಿಬರುವುದಿಲ್ಲ. ಸೊಗಡಿನ ಅವರೆ ಬರುವ ಕಾಲಕ್ಕೆ ಮೈಸೂರಿನವರಿಗೆ ಈ ಪಟ್ಟಿ ಹಿಡಿದುಕೊಡುವ ಡಾಕ್ಟರು ಗಟ್ಟಿಗರೇ ಸರಿ. ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ ಆ ನೀರು ಚೆಲ್ಲುವ ಹಳೆಯ ರೂಢಿಯಿಂದ ತೊಂದರೆ ಕೊಡುವ ಸಕ್ಕರೆಗಳು ಸ್ವಲ್ಪ ಹೊರಹೋಗುತ್ತವೆ. ಇತ್ತ ಸಕ್ಕರೆ ಕಾಯಿಲೆಗೆ ಹೆದರಿ ಅನ್ನ ಬಿಟ್ಟು ಮೂರು ಹೊತ್ತೂ ಚಪಾತಿಗೆ ಬಂದವರು ಉಬ್ಬರಕ್ಕೆ ಕಾರಣ ಹುಡುಕುತ್ತಾ ಎಲ್ಲವನ್ನೂ ಬಯ್ಯುತ್ತಾರೆ, ಗೋಧಿಯೊಂದನ್ನು ಬಿಟ್ಟು.

2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಟ್ಲಾಂಟಿಸ್ ಎಂಬ ಪ್ರಯೋಗ ನಡೆದದ್ದು ಇಂಗ್ಲೆಂಡಿನ ಸಾಮಾನ್ಯ ವೈದ್ಯರ ದವಾಖಾನೆಗಳಲ್ಲೇ, 463 ರೋಗಿಗಳ ಮೇಲೆ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು 10 ಮಿಲಿಗ್ರಾಂನಿಂದ ಶುರುಮಾಡಿ 30ರವರೆಗೆ ಏರಿಸಿದರೆ ಐಬಿಎಸ್ ಲಕ್ಷಣ ಇಳಿಯುತ್ತದೆ ಎಂದು ಅದು ತೋರಿಸಿತು. ಖಿನ್ನತೆಗೆ ಕೊಡುವ ಪ್ರಮಾಣಕ್ಕಿಂತ ಇದು ಬಹಳ ಕಡಿಮೆ. ಇಲ್ಲಿ ಕೆಲಸ ಕರುಳು ಮತ್ತು ಮಿದುಳಿನ ನಡುವಿನ ನರಗಳ ಮೇಲೆ. ಮೈಸೂರಿನಲ್ಲೂ ಇದನ್ನು ಬರೆಯುವವರಿದ್ದಾರೆ. ಚೀಟಿ ಮೆಡಿಕಲ್ ಸ್ಟೋರಿಗೆ ಹೋದಾಗ ಅಲ್ಲಿಯ ಹುಡುಗ, ‘ಇದು ತಲೆಗೆ ಕೊಡೋ ಮಾತ್ರೆ ಅಲ್ವಾ ಸಾರ್’ ಎಂದುಬಿಟ್ಟರೆ ಆ ರೋಗಿ ಮತ್ತೆ ಆ ಡಾಕ್ಟರ ಮೆಟ್ಟಿಲು ಹತ್ತುವುದು ಅನುಮಾನ. ಹಾಗಾಗಿ ತಿಳಿದವರು ಮೊದಲೇ ಹೇಳಿ ಕಳಿಸುತ್ತಾರೆ: ಇದು ಕರುಳಿನ ನರಕ್ಕೆ, ರಾತ್ರಿ ಊಟವಾದ ಮೇಲೆ ಒಂದು, ಮೊದಲ ವಾರ ಬಾಯಿ ಒಣಗುತ್ತದೆ, ಬೆಳಗ್ಗೆ ಸ್ವಲ್ಪ ಮಂಪರಿರುತ್ತದೆ, ರಾತ್ರಿ ಶಿಫ್ಟು ಇರುವ ದಿನ ಹೇಗೆ ತೆಗೆದುಕೊಳ್ಳಬೇಕೆಂದು ನನ್ನನ್ನು ಕೇಳಿ.